ನೋಟ ಮತ್ತು ಲೆಕ್ಕ: ಹವಾಮಾನ ಮುನ್ಸೂಚನೆಯಲ್ಲಿ ವೀಕ್ಷಣೆ ಹಾಗೂ ಮಾದರಿಗಳ ಸಮ್ಮಿಲನದ ಇತಿಹಾಸ

1. ಪ್ರವೇಶ

ಮಳೆಯನ್ನು ಮುಂದಾಗಿ ತಿಳಿಯಬೇಕೆಂಬ ಬಯಕೆ ಕೃಷಿಯಷ್ಟೇ ಹಳೆಯದು. ಕನ್ನಡ ನಾಡಿನ ಒಕ್ಕಲುತನದ ಬದುಕಿನಲ್ಲಿ ಈ ಬಯಕೆ ಎರಡು ಬಗೆಯ ತಿಳಿವಳಿಕೆಗಳಿಗೆ ಕಾರಣವಾಗಿದೆ. ಮೊದಲನೆಯದು ಮಳೆ ನಕ್ಷತ್ರಗಳ ಲೆಕ್ಕ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನಗಳ ಕಾಲ ಇರುತ್ತಾನೆಂಬ ಗಣನೆಯನ್ನು ಆಧರಿಸಿ, ಏಪ್ರಿಲ್ ನಡುಭಾಗದ ಅಶ್ವಿನಿಯಿಂದ ನವೆಂಬರಿನ ವಿಶಾಖೆಯವರೆಗೆ ಮಳೆಗಳನ್ನು ಹೆಸರಿಸಲಾಗಿದೆ. ರೋಹಿಣಿಯಲ್ಲಿ ಏನನ್ನು ಬಿತ್ತಬೇಕು, ಮೃಗಶಿರೆಯಲ್ಲಿ ಏನನ್ನು ಬಿತ್ತಬೇಕು, ಆರಿದ್ರೆ ಕೈಕೊಟ್ಟರೆ ಮುಂದೇನು ಎಂಬ ಅನುಭವವೆಲ್ಲ ಈ ಚೌಕಟ್ಟಿನೊಳಗೆ ಅಡಕವಾಗಿದೆ. ಎರಡನೆಯದು ನೋಟ. ಗಾಳಿ ತಿರುಗಿದ ದಿಕ್ಕು, ಮಿಂಚು ಕಾಣುವ ಮೂಲೆ, ಚಂದ್ರನ ಸುತ್ತ ಮೂಡುವ ಉಂಗುರ, ಮೊಟ್ಟೆ ಹೊತ್ತು ಸಾಲಾಗಿ ಹೊರಟ ಇರುವೆ, ಸಂಜೆಯ ಮೋಡದ ಬಣ್ಣ ಇವೆಲ್ಲವೂ ಮಳೆಯ ಕುರುಹುಗಳೆಂದು ಜನಪದರು ಗುರುತಿಸಿದ್ದಾರೆ.

ಅನುಭವಿ ಬೇಸಾಯಗಾರನು ಇವೆರಡರಲ್ಲಿ ಒಂದನ್ನೇ ನಂಬಿ ಕೂರುವವನಲ್ಲ. ಲೆಕ್ಕದ ಪ್ರಕಾರ ಮೃಗಶಿರೆ ಹುಟ್ಟಿದ್ದರೂ ಗಾಳಿ ತಿರುಗದಿದ್ದರೆ ಅವನು ಬೀಜವನ್ನು ತಡೆಹಿಡಿಯುತ್ತಾನೆ. ಹಾಗೆಯೇ ಕಾಲವಲ್ಲದ ಕಾಲದಲ್ಲಿ ಮೋಡ ಎಷ್ಟೇ ಕವಿದರೂ ಒಂದು ಮಳೆಗೆ ಮರುಳಾಗಿ ಕೂರಿಗೆ ಹೂಡುವುದಿಲ್ಲ. ಲೆಕ್ಕವು ನಿರೀಕ್ಷೆಯನ್ನು ಕೊಡುತ್ತದೆ. ನೋಟವು ಆ ನಿರೀಕ್ಷೆಯನ್ನು ತಿದ್ದುತ್ತದೆ.

ಗಾಳಿ ಮತ್ತು ನೀರಿನಂತಹ ಹರಿಯುವ ವಸ್ತುಗಳ ಚಲನೆಯನ್ನು ಮುಂದಾಗಿ ಹೇಳಲು ಹೊರಟ ಆಧುನಿಕ ವಿಜ್ಞಾನವೂ ಇದೇ ಕವಲಿನಲ್ಲಿ ನಿಂತಿತ್ತು. ಭೌತಶಾಸ್ತ್ರದ ಸಮೀಕರಣಗಳಿಂದ ಕಟ್ಟಿದ ಗಣಿತದ ಮಾದರಿ ಒಂದು ಕಡೆ, ಉಪಕರಣಗಳು ಒದಗಿಸುವ ವೀಕ್ಷಣೆ ಇನ್ನೊಂದು ಕಡೆ. ಇವೆರಡನ್ನೂ ಬೆಸೆಯುವ ಶಾಸ್ತ್ರವು ಡೇಟಾ ಅಸಿಮಿಲೇಶನ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇಲ್ಲಿ ಅದನ್ನು ದತ್ತಾಂಶ ಸಮ್ಮಿಲನವೆಂದು ಕರೆಯಲಾಗಿದೆ. ಈ ಶಾಸ್ತ್ರದ ಇತಿಹಾಸವನ್ನು ಗುರುತಿಸುವುದು, ಹೆಚ್ಚು ವೀಕ್ಷಣೆ ಅಥವಾ ಹೆಚ್ಚು ವೇಗದ ಗಣಕ ಮಾತ್ರ ಮುನ್ಸೂಚನೆಯನ್ನು ಸುಧಾರಿಸಲಿಲ್ಲ, ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಲೆಕ್ಕವೂ ಅಷ್ಟೇ ಮುಖ್ಯವಾಯಿತು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕಳೆದುಹೋದ ಗ್ರಹ

ಈ ವಿಚಾರದ ಬೇರುಗಳು ಹವಾಮಾನಕ್ಕಿಂತ ಮೊದಲು ಖಗೋಳಶಾಸ್ತ್ರದಲ್ಲಿ ಕಾಣಸಿಗುತ್ತವೆ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊ ನಗರದಲ್ಲಿ ಜುಸೆಪ್ಪೆ ಪಿಯಾತ್ಸಿ ಎಂಬ ಖಗೋಳಜ್ಞನು ಒಂದು ಹೊಸ ಆಕಾಶಕಾಯವನ್ನು ಕಂಡನು. ಮುಂದೆ ಸೀರಿಸ್ ಎಂದು ಹೆಸರಾದ ಇದನ್ನು ಅವನು ಫೆಬ್ರವರಿ 11ರವರೆಗೆ ಹಿಂಬಾಲಿಸಿದನು. ಅನಂತರ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಕೇವಲ 41 ದಿನಗಳ ಅವಧಿಯ ಬೆರಳೆಣಿಕೆಯ ವೀಕ್ಷಣೆಗಳಿಂದ ಅದು ಮತ್ತೆ ಎಲ್ಲಿ ಮೂಡುವುದೆಂದು ಹೇಳುವುದು ಅಂದಿನ ಖಗೋಳಜ್ಞರಿಗೆ ಸವಾಲಾಯಿತು. ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗೌಸ್ ಆಗ 24 ವರ್ಷದ ತರುಣ. ಗ್ರಹಚಲನೆಯ ನಿಯಮವನ್ನೂ ಪಿಯಾತ್ಸಿಯ ವೀಕ್ಷಣೆಗಳನ್ನೂ ಒಂದುಗೂಡಿಸಿ ಅವನು ಕಕ್ಷೆಯನ್ನು ಲೆಕ್ಕ ಹಾಕಿದನು. 1801ರ ಡಿಸೆಂಬರ್ ಕೊನೆಯಲ್ಲಿ ಫಾನ್ ಜಾಖ್‌ನಿಗೂ 1802ರ ಜನವರಿ 1ರಂದು ಓಲ್ಬರ್ಸ್‌ನಿಗೂ ಆ ಕಾಯವು ಗೌಸ್ ಸೂಚಿಸಿದ ಸ್ಥಳದ ಸಮೀಪದಲ್ಲೇ ದೊರೆಯಿತು.

ಯಾವ ವೀಕ್ಷಣೆಯೂ ಸಂಪೂರ್ಣ ಸರಿಯಲ್ಲ, ಆದರೆ ತಪ್ಪುಗಳಿಗೂ ಒಂದು ಸ್ವಭಾವವಿದೆ ಎಂಬುದು ಈ ಬಗೆಯ ಗಣನೆಯ ತಳಹದಿ. ಲೆಕ್ಕಕ್ಕೂ ನೋಟಕ್ಕೂ ಇರುವ ಅಂತರಗಳ ವರ್ಗಗಳ ಮೊತ್ತವು ಅತಿ ಕಡಿಮೆಯಾಗುವಂತೆ ಉತ್ತರವನ್ನು ಆರಿಸುವ ಕನಿಷ್ಠ ವರ್ಗ ವಿಧಾನವನ್ನು 1805ರಲ್ಲಿ ಫ್ರಾನ್ಸಿನ ಲಜಾಂಡ್ರ್ ಪ್ರಕಟಿಸಿದನು. 1809ರಲ್ಲಿ ಗೌಸ್ ಅದನ್ನು ಸಂಭವನೀಯತೆಯ ಶಾಸ್ತ್ರಕ್ಕೆ ಜೋಡಿಸಿದನು. ದತ್ತಾಂಶ ಸಮ್ಮಿಲನದ ಇಂದಿನ ವಿಧಾನಗಳು ಬಹುಮಟ್ಟಿಗೆ ಈ ಬುಡದಿಂದಲೇ ಚಿಗುರಿದವು.

ಗ್ರಹದ ಕಕ್ಷೆಯನ್ನು ಆರು ಸಂಖ್ಯೆಗಳಿಂದ ಪೂರ್ಣವಾಗಿ ವಿವರಿಸಬಹುದು. ಗಾಳಿಯ ವಿಷಯ ಹಾಗಲ್ಲ. ಭೂಮಿಯನ್ನು ಸುತ್ತುವರಿದ ವಾಯುಮಂಡಲದ ಪ್ರತಿಯೊಂದು ಬಿಂದುವಿಗೂ ತನ್ನದೇ ಆದ ಒತ್ತಡ, ಉಷ್ಣತೆ, ತೇವ ಮತ್ತು ವೇಗಗಳಿವೆ. ಆದುದರಿಂದ ಗೌಸನ ಉಪಾಯವು ಹವಾಮಾನಕ್ಕೆ ಒಗ್ಗಲು ಒಂದೂವರೆ ಶತಮಾನ ಹಿಡಿಯಿತು.

3. ನೋಟದ ಮೊದಲ ಯುಗ ಮತ್ತು ಅದರ ದುರಂತ

ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿ ಸಂದೇಶ ಬಳಕೆಗೆ ಬಂದ ಮೇಲೆ ದೂರದ ಊರುಗಳ ಹವೆಯನ್ನು ಏಕಕಾಲದಲ್ಲಿ ನಕ್ಷೆಗೆ ಇಳಿಸುವುದು ಸಾಧ್ಯವಾಯಿತು. ಬ್ರಿಟನ್ನಿನಲ್ಲಿ 1854ರಲ್ಲಿ ಸ್ಥಾಪನೆಯಾದ ಹವಾಮಾನ ಕಚೇರಿಯ ಮುಖ್ಯಸ್ಥನಾದವನು ರಾಬರ್ಟ್ ಫಿಟ್ಜ್‌ರಾಯ್. ಚಾರ್ಲ್ಸ್ ಡಾರ್ವಿನ್ ಪಯಣಿಸಿದ ಬೀಗಲ್ ನೌಕೆಯ ಕಪ್ತಾನ ಈತನೇ. 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ವೇಲ್ಸ್ ತೀರದಲ್ಲಿ ಒಡೆದು ನೂರಾರು ಜನ ಮಡಿದರು. ಈ ಘಟನೆಯಿಂದ ಪ್ರೇರಿತನಾದ ಫಿಟ್ಜ್‌ರಾಯ್ 1861ರಲ್ಲಿ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆಗಳನ್ನೂ ಅದೇ ವರ್ಷದ ಆಗಸ್ಟ್‌ನಿಂದ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ದೈನಂದಿನ ಮುನ್ಸೂಚನೆಯನ್ನೂ ಆರಂಭಿಸಿದನು.

ಅವನ ಬಳಿ ನೋಟವಿತ್ತು, ಅನುಭವವಿತ್ತು, ಲೆಕ್ಕವಿರಲಿಲ್ಲ. ಮುನ್ಸೂಚನೆ ಕೆಲವೊಮ್ಮೆ ಫಲಿಸಿತು, ಕೆಲವೊಮ್ಮೆ ತಪ್ಪಿತು. ತಪ್ಪಿದಾಗಲೆಲ್ಲ ಪತ್ರಿಕೆಗಳೂ ವಿದ್ವಾಂಸರೂ ಅವನನ್ನು ಟೀಕಿಸಿದರು. ಆರ್ಥಿಕ ತೊಂದರೆ, ಅನಾರೋಗ್ಯ ಮತ್ತು ಖಿನ್ನತೆಗಳಿಂದ ಬಳಲಿದ ಫಿಟ್ಜ್‌ರಾಯ್ 1865ರ ಏಪ್ರಿಲ್ 30ರಂದು ಆತ್ಮಹತ್ಯೆ ಮಾಡಿಕೊಂಡನು. ಅವನ ನಂತರ ಮುನ್ಸೂಚನೆಗಳನ್ನೂ ಎಚ್ಚರಿಕೆಗಳನ್ನೂ ನಿಲ್ಲಿಸಲಾಯಿತು. ಬಿರುಗಾಳಿಯ ಎಚ್ಚರಿಕೆ 1867ರಲ್ಲಿ ಪುನರಾರಂಭವಾದರೂ ಸಾರ್ವಜನಿಕ ಮುನ್ಸೂಚನೆಗೆ 1879ರವರೆಗೆ ಕಾಯಬೇಕಾಯಿತು. ಮುನ್ಸೂಚನೆಯ ಜೊತೆಗೆ ಅದರ ಅನಿಶ್ಚಿತತೆಯ ಪ್ರಮಾಣವನ್ನೂ ಹೇಳುವ ಭಾಷೆ ಆ ಕಾಲಕ್ಕೆ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಲೆಕ್ಕದ ದಾರಿಯನ್ನು ಸ್ಪಷ್ಟವಾಗಿ ಗುರುತಿಸಿದವನು ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್‌ನೆಸ್. 1904ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ಮುನ್ಸೂಚನೆಗೆ ಎರಡು ಷರತ್ತುಗಳನ್ನು ಮುಂದಿಟ್ಟನು. ಒಂದು, ಈ ಹೊತ್ತಿನ ವಾಯುಮಂಡಲದ ಸ್ಥಿತಿಯು ಸಾಕಷ್ಟು ನಿಖರವಾಗಿ ತಿಳಿದಿರಬೇಕು. ಎರಡು, ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿ ಹುಟ್ಟುವ ನಿಯಮಗಳು ಸಾಕಷ್ಟು ನಿಖರವಾಗಿ ತಿಳಿದಿರಬೇಕು. ಒತ್ತಡ, ಉಷ್ಣತೆ, ಸಾಂದ್ರತೆ, ತೇವಾಂಶ ಮತ್ತು ಗಾಳಿಯ ಮೂರು ದಿಕ್ಕಿನ ವೇಗಗಳೆಂಬ ಏಳು ಅಂಶಗಳಿಗೆ ಏಳು ಸಮೀಕರಣಗಳಿವೆಯೆಂದು ಅವನು ತೋರಿಸಿದನು. ಮೊದಲನೆಯ ಷರತ್ತಿಗೆ ನೋಟವೂ ಎರಡನೆಯದಕ್ಕೆ ಲೆಕ್ಕವೂ ಆಧಾರ. ಆದರೆ ಇವೆರಡೂ ಒಂದನ್ನೊಂದು ತಿದ್ದಬೇಕೆಂಬ ಸಂಗತಿ ಆ ಪ್ರಬಂಧದಲ್ಲಿ ಇನ್ನೂ ಪ್ರತ್ಯೇಕ ಸಮಸ್ಯೆಯಾಗಿ ರೂಪುಗೊಂಡಿರಲಿಲ್ಲ.

4. ರಿಚರ್ಡ್‌ಸನ್ನನ ಸೋಲು

ಬ್ಯರ್ಕ್‌ನೆಸನ ಕಾರ್ಯಕ್ರಮವನ್ನು ಅಂಕಿಗಳಲ್ಲಿ ನಡೆಸಿ ನೋಡಿದ ಮೊದಲಿಗನು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಕ್ವೇಕರ್ ಪಂಥಕ್ಕೆ ಸೇರಿದ್ದ ಅವನು ಮೊದಲನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯದೆ 1916ರಿಂದ 1919ರವರೆಗೆ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ಸೇವೆಯಲ್ಲಿ ತೊಡಗಿದ್ದನು. ಆ ನಡುವೆಯೇ ಅವನು 1910ರ ಮೇ 20ರ ಬೆಳಗಿನ ವೀಕ್ಷಣೆಗಳನ್ನು ಆಧಾರವಾಗಿಟ್ಟುಕೊಂಡು ಮಧ್ಯ ಯೂರೋಪಿನ ಒಂದು ಪ್ರದೇಶದ ಆರು ಗಂಟೆಗಳ ಹವೆಯನ್ನು ಕೈಯಿಂದಲೇ ಲೆಕ್ಕ ಹಾಕಿದನು. 1917ರಲ್ಲಿ ಹಸ್ತಪ್ರತಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು. ಈ ಕೃತಿ 1922ರಲ್ಲಿ ಪ್ರಕಟವಾಯಿತು.

ಅವನ ಲೆಕ್ಕದ ಪ್ರಕಾರ ಆರು ಗಂಟೆಗಳಲ್ಲಿ ನೆಲಮಟ್ಟದ ಒತ್ತಡವು 145 ಮಿಲಿಬಾರ್ ಏರಬೇಕಿತ್ತು. ವಾಸ್ತವದಲ್ಲಿ ಅಂದು ಅಲ್ಲಿ ಒತ್ತಡ ಬಹುತೇಕ ಬದಲಾಗಿರಲಿಲ್ಲ. ತೀವ್ರ ಚಂಡಮಾರುತದ ಕೇಂದ್ರಕ್ಕೂ ಹೊರಗಿನ ಪ್ರದೇಶಕ್ಕೂ ಇರುವ ಒತ್ತಡದ ವ್ಯತ್ಯಾಸ ಕೂಡ ಸಾಮಾನ್ಯವಾಗಿ ಇಷ್ಟಿರುವುದಿಲ್ಲ. ರಿಚರ್ಡ್‌ಸನ್ ಈ ಸೋಲನ್ನು ಮುಚ್ಚಿಡಲಿಲ್ಲ. ಲೆಕ್ಕದ ಪ್ರತಿ ಹೆಜ್ಜೆಯನ್ನೂ ಪುಸ್ತಕದಲ್ಲಿ ದಾಖಲಿಸಿ, ಆರಂಭದಲ್ಲಿ ಬಳಸಿದ ಗಾಳಿಯ ಅಂಕಿಗಳಲ್ಲಿಯೇ ದೋಷವಿರಬೇಕೆಂದು ಸೂಚಿಸಿದನು. ಜಗತ್ತಿನ ಹವೆಯನ್ನು ಹವೆಯ ವೇಗದಲ್ಲೇ ಲೆಕ್ಕ ಹಾಕಲು 64,000 ಗಣಕರು ಒಂದು ದೊಡ್ಡ ಸಭಾಂಗಣದಲ್ಲಿ ಕುಳಿತು ದುಡಿಯಬೇಕೆಂಬ ಕಲ್ಪನೆಯನ್ನೂ ಅವನು ಅದೇ ಕೃತಿಯಲ್ಲಿ ಕೊಟ್ಟಿದ್ದಾನೆ.

ಅವನ ಸೂಚನೆ ಸರಿಯಾಗಿತ್ತೆಂಬುದು ಬಹುಕಾಲದ ನಂತರ ಸಿದ್ಧವಾಯಿತು. ಐರ್ಲೆಂಡಿನ ವಿಜ್ಞಾನಿ ಪೀಟರ್ ಲಿಂಚ್ ಅದೇ ಅಂಕಿಗಳನ್ನು ಗಣಕಯಂತ್ರಕ್ಕೆ ಊಡಿಸಿ ಅದೇ ತಪ್ಪು ಉತ್ತರವನ್ನು ಮರಳಿ ಪಡೆದನು. ಬಳಿಕ ಸಮೀಕರಣಗಳನ್ನು ಬದಲಿಸದೆ ಆರಂಭಿಕ ಅಂಕಿಗಳಲ್ಲಿ ಒತ್ತಡಕ್ಕೂ ಗಾಳಿಗೂ ನಡುವೆ ಇದ್ದ ಅಸಮತೋಲವನ್ನು ಮಾತ್ರ ಸರಿಪಡಿಸಿದಾಗ, ಒತ್ತಡದ ಬದಲಾವಣೆ 1 ಮಿಲಿಬಾರಿಗಿಂತ ಕಡಿಮೆಯಾಯಿತು. ದೋಷವಿದ್ದುದು ನಿಯಮಗಳಲ್ಲಲ್ಲ, ವೀಕ್ಷಣೆಯನ್ನು ಹಾಗೆಯೇ ಸತ್ಯವೆಂದು ಸ್ವೀಕರಿಸಿ ಲೆಕ್ಕಕ್ಕೆ ಒಪ್ಪಿಸಿದುದರಲ್ಲಿ. ಬಲೂನಿನಿಂದ ಅಳೆದ ಗಾಳಿಯಲ್ಲಿ ಸಣ್ಣ ತಪ್ಪುಗಳಿರುವುದು ಸಹಜ. ಆ ತಪ್ಪುಗಳನ್ನು ವಾಯುಮಂಡಲವು ತಾಳಿಕೊಳ್ಳದಂತಹ ಭಾರಿ ಅಲೆಗಳೆಂದು ಸಮೀಕರಣಗಳು ಓದಿಕೊಂಡವು.

5. ಮೊದಲ ಊಹೆ ಎಂಬ ಪರಿಕಲ್ಪನೆ

1950ರ ವಸಂತದಲ್ಲಿ ಜ್ಯೂಲ್ ಚಾರ್ನಿ, ರಾಗ್ನರ್ ಫ್ಯೋರ್ಟಾಫ್ಟ್ ಮತ್ತು ಜಾನ್ ಫಾನ್ ನಾಯ್ಮನ್ ಅವರ ತಂಡವು ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದ ಎನಿಯಾಕ್ ಗಣಕದ ಮೇಲೆ ಮೊದಲ ಯಾಂತ್ರಿಕ ಮುನ್ಸೂಚನೆಗಳನ್ನು ಸಿದ್ಧಪಡಿಸಿತು. 24 ಗಂಟೆಗಳ ಹವೆಯನ್ನು ಲೆಕ್ಕ ಹಾಕಲು ಸುಮಾರು 24 ಗಂಟೆಗಳೇ ಬೇಕಾದವು. ರಿಚರ್ಡ್‌ಸನ್ ಎದುರಿಸಿದ ಅಲೆಗಳು ಹುಟ್ಟದಂತೆ ಸರಳಗೊಳಿಸಿದ ಸಮೀಕರಣಗಳನ್ನು ಚಾರ್ನಿ ಬಳಸಿದ್ದನು. ಆದರೂ ಆರಂಭಿಕ ಸ್ಥಿತಿಯನ್ನು ಕೈಯಿಂದ ಬರೆದ ನಕ್ಷೆಗಳಿಂದಲೇ ತೆಗೆಯಬೇಕಾಯಿತು. ಅನುಭವಿ ನಕ್ಷೆಕಾರನು ಚದುರಿದ ಅಳತೆಗಳ ನಡುವೆ ಸಮಭಾರ ರೇಖೆಗಳನ್ನು ಎಳೆಯುತ್ತಿದ್ದನು. ಹಿಂದಿನ ದಿನದ ನಕ್ಷೆ, ಬಿರುಗಾಳಿಗಳು ಸಾಗುವ ರೂಢಿ, ಯಾವ ಠಾಣೆಯ ಅಳತೆ ನಂಬಲರ್ಹ ಎಂಬ ತಿಳಿವು ಎಲ್ಲವೂ ಅವನ ಕೈಯಲ್ಲಿ ಕೂಡುತ್ತಿದ್ದವು. ಜನಪದ ತಿಳಿವಳಿಕೆಯಂತೆ ಅದೂ ಬರಹಕ್ಕೆ ಇಳಿಯದ, ಗುರುವಿನಿಂದ ಶಿಷ್ಯನಿಗೆ ದಾಟುವ ವಿದ್ಯೆಯಾಗಿತ್ತು.

ಆ ವಿದ್ಯೆಯನ್ನು ಗಣಿತಕ್ಕೆ ಒಳಪಡಿಸಿದುದು ಮುಂದಿನ ಹೆಜ್ಜೆ. 1949ರಲ್ಲಿ ಪನಾಫ್ಸ್‌ಕಿ, 1954ರಲ್ಲಿ ಗಿಲ್‌ಕ್ರಿಸ್ಟ್ ಮತ್ತು ಕ್ರೆಸ್ಮನ್ ಅಳತೆಗಳಿಗೆ ವಕ್ರರೇಖೆಗಳನ್ನು ಹೊಂದಿಸುವ ಪ್ರಯತ್ನ ಮಾಡಿದರು. ಅಳತೆಗಳು ದಟ್ಟವಾಗಿರುವಲ್ಲಿ ಇದು ಫಲಿಸಿತು. ಸಾಗರಗಳ ಮೇಲೆ ವಿಫಲವಾಯಿತು. 1955ರಲ್ಲಿ ಸ್ವೀಡನ್ನಿನಲ್ಲಿ ಬೆರ್ಗ್‌ಥೋರ್ಸನ್ ಮತ್ತು ಡೂಸ್ ಬೇರೆಯದೇ ಆದ ದಾರಿ ಹಿಡಿದರು. ಅವರು ಬರಿಯ ಅಳತೆಗಳಿಂದ ಆರಂಭಿಸದೆ ಹಿಂದಿನ ಮುನ್ಸೂಚನೆಯನ್ನೂ ದೀರ್ಘಕಾಲದ ಸರಾಸರಿಯನ್ನೂ ಮೊದಲ ಊಹೆಯಾಗಿ ಇಟ್ಟುಕೊಂಡರು. ಅಳತೆಗಳಿಂದ ಆ ಊಹೆಯನ್ನು ತಿದ್ದಿದರು. ಅಳತೆಯಿಲ್ಲದ ಕಡೆ ಊಹೆಯೇ ಉಳಿಯುತ್ತದೆ, ಅಳತೆಯಿರುವ ಕಡೆ ಅದು ಬದಲಾಗುತ್ತದೆ. ಹೀಗೆ ಮುನ್ಸೂಚನೆಯು ವೀಕ್ಷಣೆಯ ಫಲ ಮಾತ್ರವಾಗಿ ಉಳಿಯದೆ ಮುಂದಿನ ವೀಕ್ಷಣೆಯನ್ನು ಅರ್ಥೈಸುವ ಸಾಧನವೂ ಆಯಿತು.

ಎಷ್ಟು ತಿದ್ದಬೇಕೆಂಬ ಪ್ರಶ್ನೆಗೆ ವ್ಯವಸ್ಥಿತವಾದ ಉತ್ತರ ಕೊಟ್ಟವನು ಲೆನಿನ್‌ಗ್ರಾಡಿನ ಲೆವ್ ಗಾಂದಿನ್. 1963ರಲ್ಲಿ ರಷ್ಯನ್ ಭಾಷೆಯಲ್ಲಿ ಪ್ರಕಟವಾದ ಅವನ ಗ್ರಂಥ 1965ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. ಅದರ ತಿರುಳನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಒಂದು ಊರಿನ ಉಷ್ಣತೆ 24 ಡಿಗ್ರಿ ಎಂದು ಮಾದರಿ ಹೇಳುತ್ತದೆಯೆಂದೂ ಅದರ ವಾಡಿಕೆಯ ತಪ್ಪು 2 ಡಿಗ್ರಿಯೆಂದೂ ಭಾವಿಸೋಣ. ಉಷ್ಣಮಾಪಕ 27 ಡಿಗ್ರಿ ತೋರಿಸುತ್ತದೆ, ಅದರ ವಾಡಿಕೆಯ ತಪ್ಪು 1 ಡಿಗ್ರಿ. ತಪ್ಪುಗಳ ವರ್ಗಗಳು ಕ್ರಮವಾಗಿ 4 ಮತ್ತು 1. ಆದುದರಿಂದ ಇವೆರಡರ ನಡುವಿನ 3 ಡಿಗ್ರಿ ಅಂತರದಲ್ಲಿ ಐದರಲ್ಲಿ ನಾಲ್ಕು ಪಾಲನ್ನು, ಎಂದರೆ 2.4 ಡಿಗ್ರಿಯನ್ನು, ಊಹೆಗೆ ಕೂಡಿಸಬೇಕು. ಉತ್ತರ 26.4 ಡಿಗ್ರಿ. ಈ ಉತ್ತರದ ವಾಡಿಕೆಯ ತಪ್ಪು ಸುಮಾರು 0.9 ಡಿಗ್ರಿ, ಎಂದರೆ ಮಾದರಿಗಿಂತಲೂ ಮಾಪಕಕ್ಕಿಂತಲೂ ಕಡಿಮೆ. ಎರಡು ಅಪೂರ್ಣ ಸಾಕ್ಷಿಗಳು ಕೂಡಿ ಅವೆರಡಕ್ಕಿಂತ ಉತ್ತಮವಾದ ಸಾಕ್ಷಿಯಾಗುತ್ತವೆ. ಆದರೆ ಪ್ರತಿ ಸಾಕ್ಷಿಯ ತಪ್ಪಿನ ಪ್ರಮಾಣವನ್ನು ಪ್ರಾಮಾಣಿಕವಾಗಿ ತಿಳಿದಿರಬೇಕೆಂಬುದು ಇದರ ಷರತ್ತು. ಅದನ್ನು ತಪ್ಪಾಗಿ ಅಂದಾಜಿಸಿದರೆ ಉತ್ತರವೂ ಕೆಡುತ್ತದೆ.

6. ತಪ್ಪು ಬೆಳೆಯುವ ಬಗೆ

ಗಾಂದಿನನ ವಿಧಾನದಲ್ಲಿ ಮಾದರಿಯ ತಪ್ಪು ಎಲ್ಲ ದಿನಗಳಿಗೂ ಒಂದೇ ಎಂದು ಭಾವಿಸಬೇಕಾಗಿತ್ತು. ವಾಸ್ತವದಲ್ಲಿ ಅದು ದಿನದಿಂದ ದಿನಕ್ಕೆ, ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. ಇದನ್ನು ಮನಗಾಣಿಸಿದುದು ಅಮೆರಿಕದ ಎಡ್ವರ್ಡ್ ಲೊರೆನ್ಜ್‌ನ ಸಂಶೋಧನೆ. 1961ರಲ್ಲಿ ಒಂದು ಸರಳ ಮಾದರಿಯನ್ನು ಗಣಕದಲ್ಲಿ ಮರಳಿ ಓಡಿಸುವಾಗ ಅವನು 0.506127 ಎಂಬ ಸಂಖ್ಯೆಗೆ ಬದಲಾಗಿ ಮುದ್ರಿತ ಹಾಳೆಯಲ್ಲಿದ್ದ 0.506 ಎಂಬುದನ್ನು ಊಡಿಸಿದನು. ಸ್ವಲ್ಪ ಕಾಲದಲ್ಲೇ ಹೊಸ ಫಲಿತಾಂಶವು ಹಳೆಯದರಿಂದ ಪೂರ್ತಿಯಾಗಿ ಬೇರೆಯಾಯಿತು. 1963ರ ಪ್ರಸಿದ್ಧ ಪ್ರಬಂಧದಲ್ಲಿ ಅವನು ಇದರ ಗಣಿತವನ್ನು ವಿವರಿಸಿದನು. ಆರಂಭಿಕ ಸ್ಥಿತಿಯ ಅಲ್ಪ ದೋಷವೂ ಬೆಳೆದು ಮುನ್ಸೂಚನೆಯನ್ನು ನುಂಗಬಲ್ಲದು. ಕೆಲವು ದಿನಗಳಲ್ಲಿ ಅದು ಬೇಗ ಬೆಳೆಯುತ್ತದೆ, ಕೆಲವು ದಿನಗಳಲ್ಲಿ ನಿಧಾನ.

ಇದೇ ಹೊತ್ತಿಗೆ ಇನ್ನೊಂದು ಕ್ಷೇತ್ರದಲ್ಲಿ ಇದಕ್ಕೆ ಬೇಕಾದ ಉಪಕರಣ ಸಿದ್ಧವಾಗಿತ್ತು. ಹಂಗೇರಿ ಮೂಲದ ಎಂಜಿನಿಯರ್ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಸೋಸುವಿಕೆಯ ಸೂತ್ರವು ಸ್ಥಿತಿಯ ಅಂದಾಜಿನ ಜೊತೆಗೆ ಅದರ ತಪ್ಪಿನ ಅಂದಾಜನ್ನೂ ಕಾಲದಲ್ಲಿ ಮುಂದಕ್ಕೆ ಒಯ್ಯುತ್ತದೆ. ಚಂದ್ರನತ್ತ ಹೊರಟ ಅಪೊಲೊ ನೌಕೆಗಳ ದಾರಿಯನ್ನು ಗುರುತಿಸಲು ಈ ಸೂತ್ರವನ್ನು ಬಳಸಲಾಯಿತು. ಆದರೆ ನೌಕೆಯ ಸ್ಥಿತಿಗೆ ಕೆಲವೇ ಸಂಖ್ಯೆಗಳು ಸಾಕು. ವಾಯುಮಂಡಲದ ಮಾದರಿಯಲ್ಲಿ ಒಂದು ಕೋಟಿ ಅಜ್ಞಾತಗಳಿದ್ದರೆ ತಪ್ಪುಗಳ ಪರಸ್ಪರ ಸಂಬಂಧದ ಕೋಷ್ಟಕದಲ್ಲಿ ನೂರು ಲಕ್ಷ ಕೋಟಿ ಮನೆಗಳಾಗುತ್ತವೆ. ಅದನ್ನು ಪ್ರತಿದಿನ ಪೂರ್ತಿಯಾಗಿ ಲೆಕ್ಕ ಹಾಕುವುದು ಅಸಾಧ್ಯವಾಗಿತ್ತು.

ಈ ತೊಡಕಿನಿಂದ ಹೊರಬರಲು ಎರಡು ದಾರಿಗಳು ತೆರೆದುಕೊಂಡವು. ನಾರ್ವೆಯ ಗಯರ್ ಎವೆನ್ಸನ್ 1994ರಲ್ಲಿ ಸಾಗರದ ಹರಿವಿನ ಮಾದರಿಯನ್ನು ಆಧರಿಸಿ, ಒಂದೇ ಮುನ್ಸೂಚನೆಯ ಬದಲಾಗಿ ಅಲ್ಪಸ್ವಲ್ಪ ಭಿನ್ನವಾದ ಅನೇಕ ಮುನ್ಸೂಚನೆಗಳ ಗುಂಪನ್ನು ಓಡಿಸುವ ಉಪಾಯವನ್ನು ಮುಂದಿಟ್ಟನು. ಗುಂಪಿನ ಸದಸ್ಯರು ಒಮ್ಮತದಲ್ಲಿದ್ದರೆ ಮಾದರಿಯನ್ನು ಹೆಚ್ಚು ನಂಬಬಹುದು. ಚದುರಿದ್ದರೆ ವೀಕ್ಷಣೆಗೆ ಹೆಚ್ಚು ಬೆಲೆ ಕೊಡಬೇಕು. ಒಂದೇ ಕಥನದ ಹಲವು ಪಾಠಗಳನ್ನು ಸಂಗ್ರಹಿಸಿ, ಎಲ್ಲ ಪಾಠಗಳೂ ಒಪ್ಪುವ ಭಾಗ ಯಾವುದು, ಚದುರಿದ ಭಾಗ ಯಾವುದು ಎಂದು ನೋಡುವ ಜಾನಪದ ಅಧ್ಯಯನಕಾರರಿಗೆ ಈ ಕ್ರಮ ಅಪರಿಚಿತವಲ್ಲ.

7. ನಾಲ್ಕು ಆಯಾಮಗಳ ಹೊಂದಾಣಿಕೆ

ಎರಡನೆಯ ದಾರಿಯು ಗೌಸನ ವಿಧಾನಕ್ಕೆ ಮರಳಿತು. ಜಪಾನ್ ಮೂಲದ ಯೋಶಿಕಾಜು ಸಸಾಕಿ 1958ರಲ್ಲಿಯೇ ಇದರ ಬೀಜವನ್ನು ಬಿತ್ತಿದ್ದನು. 1986ರಲ್ಲಿ ಫ್ರಾನ್ಸಿನ ಲ ದಿಮೆ ಮತ್ತು ಒಲಿವಿಯೆ ತಾಲಾಗ್ರಾಂ ಅದನ್ನು ಪರಿಪೂರ್ಣ ರೂಪದಲ್ಲಿ ಮಂಡಿಸಿದರು. ಕೆಲವು ಗಂಟೆಗಳ ಅವಧಿಯಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಬಂದ ಎಲ್ಲ ವೀಕ್ಷಣೆಗಳಿಗೂ ಅತಿ ಹತ್ತಿರದಲ್ಲಿ ಹಾದುಹೋಗುವ ಮಾದರಿಯ ಪಥವನ್ನು ಹುಡುಕುವುದು ಇದರ ಗುರಿ. ಅದಕ್ಕಾಗಿ ವೀಕ್ಷಣೆಯಲ್ಲಿ ಕಂಡ ಅಂತರವನ್ನು ಕಾಲದಲ್ಲಿ ಹಿಂದಕ್ಕೆ ಒಯ್ದು, ಆರಂಭದಲ್ಲಿ ಎಲ್ಲಿ ಎಷ್ಟು ತಿದ್ದಿದರೆ ಆ ಅಂತರ ಕುಗ್ಗುವುದೆಂದು ಲೆಕ್ಕ ಹಾಕಲಾಗುತ್ತದೆ. ಇಂಗ್ಲೆಂಡಿನ ರೆಡಿಂಗ್ ನಗರದಲ್ಲಿ 1979ರಿಂದ ಮುನ್ಸೂಚನೆ ನೀಡುತ್ತಿದ್ದ ಯೂರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರವು 1997ರ ನವೆಂಬರಿನಲ್ಲಿ ಈ ವಿಧಾನವನ್ನು ನಿತ್ಯದ ಬಳಕೆಗೆ ತಂದಿತು.

ಈ ವಿಧಾನಗಳ ಪ್ರಯೋಜನ ಸ್ಪಷ್ಟವಾಗಿ ಕಂಡುದು ಉಪಗ್ರಹಗಳ ವಿಷಯದಲ್ಲಿ. ಮೊದಲ ಹವಾಮಾನ ಉಪಗ್ರಹ ಟೈರೋಸ್-1 ಹಾರಿದುದು 1960ರ ಏಪ್ರಿಲ್ 1ರಂದು. ಉಪಗ್ರಹವು ಉಷ್ಣತೆಯನ್ನು ನೇರವಾಗಿ ಅಳೆಯುವುದಿಲ್ಲ. ಮೇಲಕ್ಕೆ ಹೊಮ್ಮುವ ವಿಕಿರಣವನ್ನು ಅಳೆಯುತ್ತದೆ. ಆ ವಿಕಿರಣವನ್ನು ಉಷ್ಣತೆಯಾಗಿ ಪರಿವರ್ತಿಸಿ ಮಾದರಿಗೆ ಕೊಡುತ್ತಿದ್ದ ಕಾಲದಲ್ಲಿ, ಬಲೂನು ಠಾಣೆಗಳು ದಟ್ಟವಾಗಿದ್ದ ಉತ್ತರ ಗೋಳಾರ್ಧದಲ್ಲಿ ಅದರಿಂದ ನಿರೀಕ್ಷಿಸಿದ ಲಾಭವಾಗಲಿಲ್ಲ. 1990ರ ದಶಕದಲ್ಲಿ ಈ ಕ್ರಮವನ್ನು ತಿರುಗಿಸಲಾಯಿತು. ಇಂತಹ ವಾಯುಮಂಡಲವಿದ್ದರೆ ಉಪಗ್ರಹಕ್ಕೆ ಯಾವ ವಿಕಿರಣ ಕಾಣಬೇಕೆಂದು ಮಾದರಿಯೇ ಹೇಳತೊಡಗಿತು. ಅದನ್ನು ಕಂಡ ವಿಕಿರಣದೊಡನೆ ಹೋಲಿಸಲಾಯಿತು. ನೋಟವನ್ನು ಅದರ ಸ್ವಂತ ಭಾಷೆಯಲ್ಲಿ ಕೇಳಿಸಿಕೊಂಡಂತಾಯಿತು. ಸಾಗರವೇ ಹೆಚ್ಚಾಗಿರುವ ದಕ್ಷಿಣ ಗೋಳಾರ್ಧದ ಮುನ್ಸೂಚನೆ ಮೊದಲು ಬಹಳ ಹಿಂದುಳಿದಿತ್ತು. ಇಪ್ಪತ್ತೊಂದನೆಯ ಶತಮಾನದ ಆರಂಭದ ಹೊತ್ತಿಗೆ ಅದು ಉತ್ತರಾರ್ಧದ ಮಟ್ಟವನ್ನು ಸಮೀಪಿಸಿತು.

8. ಭಾರತದ ಸಂದರ್ಭ

ಸಮಶೀತೋಷ್ಣ ವಲಯದಲ್ಲಿ ಹುಟ್ಟಿದ ಈ ವಿಧಾನಗಳನ್ನು ಮಾನ್ಸೂನಿಗೆ ಅನ್ವಯಿಸುವುದು ಸುಲಭವಾಗಿರಲಿಲ್ಲ. ಉನ್ನತ ಅಕ್ಷಾಂಶಗಳಲ್ಲಿ ಒತ್ತಡವನ್ನು ಅಳೆದರೆ ಗಾಳಿಯನ್ನು ಬಹುಮಟ್ಟಿಗೆ ಊಹಿಸಬಹುದು. ಸಮಭಾಜಕದ ಬಳಿ ಭೂಭ್ರಮಣದ ಪ್ರಭಾವ ದುರ್ಬಲವಾಗಿರುವುದರಿಂದ ಈ ಸಂಬಂಧ ಸಡಿಲವಾಗುತ್ತದೆ. ಅಲ್ಲಿ ಗಾಳಿಯನ್ನೇ ಅಳೆಯಬೇಕು. ಮಾನ್ಸೂನ್ ಹುಟ್ಟುವುದಾದರೋ ಠಾಣೆಗಳಿಲ್ಲದ ಸಮುದ್ರದ ಮೇಲೆ. 1979ರ ಜಾಗತಿಕ ವೀಕ್ಷಣಾ ಕಾರ್ಯಕ್ರಮದ ಅಂಗವಾಗಿ ನಡೆದ ಮಾನೆಕ್ಸ್ ಅಧ್ಯಯನದಲ್ಲಿ ಹಡಗುಗಳು ಮತ್ತು ವಿಮಾನಗಳ ಮೂಲಕ ಅರಬ್ಬೀ ಸಮುದ್ರ ಹಾಗೂ ಬಂಗಾಳ ಕೊಲ್ಲಿಗಳ ಮೇಲಿನ ಗಾಳಿಯನ್ನು ಅಳೆದುದು ಈ ಕಾರಣದಿಂದ ಮಹತ್ವದ್ದು.

1987ರ ತೀವ್ರ ಬರದ ಮರುವರ್ಷ, 1988ರಲ್ಲಿ, ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರವು ದೆಹಲಿಯಲ್ಲಿ ಸ್ಥಾಪನೆಯಾಯಿತು. ಅದಕ್ಕಾಗಿ ಅಮೆರಿಕದಿಂದ ಕ್ರೇ ಎಕ್ಸ್-ಎಂಪಿ ಗಣಕವನ್ನು ತರಿಸಲಾಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೊದ್ದಂ ನರಸಿಂಹ ಅವರ ನಿರ್ದೇಶನದ ಅವಧಿಯಲ್ಲಿ, 1986ರಲ್ಲಿ, ದ್ರವಚಲನೆಯ ಸಮೀಕರಣಗಳನ್ನು ಬಿಡಿಸಲೆಂದೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿತ್ತು. ಮುಂದೆ ಹವಾಮಾನದ ಮಾದರಿಗಳನ್ನೂ ಅದರ ಮೇಲೆ ಓಡಿಸಲಾಯಿತು. 2009ರಲ್ಲಿ ಉಡಾಯಿಸಿದ ಓಷನ್‌ಸ್ಯಾಟ್-2 ಉಪಗ್ರಹವು ಸಮುದ್ರದ ಮೇಲ್ಮೈಯ ಗಾಳಿಯನ್ನು ಅಳೆಯಿತು. 2011ರ ಅಕ್ಟೋಬರ್ 12ರಂದು ಭಾರತ ಮತ್ತು ಫ್ರಾನ್ಸ್ ಜಂಟಿಯಾಗಿ ಹಾರಿಸಿದ ಮೇಘಾ-ಟ್ರೋಪಿಕ್ಸ್ ಉಪಗ್ರಹವು ಉಷ್ಣವಲಯದ ತೇವಾಂಶದ ಅಳತೆಗಳನ್ನು ಒದಗಿಸಿತು. ಈ ಅಳತೆಗಳನ್ನು ಯೂರೋಪಿನ ಕೇಂದ್ರಗಳೂ ತಮ್ಮ ಮಾದರಿಗಳಿಗೆ ಬಳಸಿಕೊಂಡವು.

ಇಂತಹ ಸುಧಾರಣೆಗಳ ಬೆಲೆಯನ್ನು ಒಡಿಶಾದ ಕರಾವಳಿಯಲ್ಲಿ ಅಳೆಯಬಹುದು. 1999ರ ಅಕ್ಟೋಬರ್ 29ರ ಮಹಾಚಂಡಮಾರುತದಲ್ಲಿ ಸುಮಾರು 10,000 ಜನ ಪ್ರಾಣ ಕಳೆದುಕೊಂಡರು. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಅಪ್ಪಳಿಸಿದ ಫೈಲಿನ್ ಚಂಡಮಾರುತಕ್ಕೆ ಮೊದಲೇ ಲಕ್ಷಾಂತರ ಜನರನ್ನು ಸ್ಥಳಾಂತರಿಸಲಾಯಿತು. ಸಾವುಗಳ ಸಂಖ್ಯೆ ಹತ್ತಾರಕ್ಕೆ ಸೀಮಿತವಾಯಿತು. ಇದರ ಶ್ರೇಯಸ್ಸು ಗಣಕಕ್ಕಷ್ಟೇ ಸಲ್ಲುವುದಿಲ್ಲ. ಆಶ್ರಯ ಕಟ್ಟಡಗಳು, ಆಡಳಿತದ ಸಿದ್ಧತೆ ಮತ್ತು ಎಚ್ಚರಿಕೆಯನ್ನು ನಂಬಿ ಮನೆ ಬಿಟ್ಟು ಹೊರಟ ಜನರ ವಿಶ್ವಾಸಗಳೂ ಅಷ್ಟೇ ಮುಖ್ಯ. ಆದರೆ ಚಂಡಮಾರುತ ಎಲ್ಲಿಗೆ ಬರುವುದೆಂದು ಕೆಲವು ದಿನ ಮುಂಚೆ ಹೇಳಲಾಗದಿದ್ದರೆ ಈ ಸಿದ್ಧತೆಗೆ ಅವಕಾಶವೇ ಇರುತ್ತಿರಲಿಲ್ಲ.

9. ಸಮಾರೋಪ

ಜನಪದ ಮಳೆಶಾಸ್ತ್ರವನ್ನು ಈ ಇತಿಹಾಸದೊಡನೆ ಇಟ್ಟು ನೋಡುವಾಗ ಎಚ್ಚರಿಕೆ ಅಗತ್ಯ. ಇಂದಿನ ವಿಜ್ಞಾನವೆಲ್ಲ ಹಿರಿಯರಿಗೆ ತಿಳಿದಿತ್ತೆನ್ನುವುದು ಸಲ್ಲದು. ಜನಪದ ತಿಳಿವಳಿಕೆಯೆಲ್ಲ ಮೂಢನಂಬಿಕೆಯೆನ್ನುವುದೂ ಸಲ್ಲದು. ಮೈಲಾರದಲ್ಲಿ ಗೊರವಪ್ಪ ಬಿಲ್ಲನ್ನೇರಿ ನುಡಿಯುವ ಕಾರಣಿಕದಿಂದ ಜನ ಮಳೆ ಬೆಳೆಯ ಸೂಚನೆ ಪಡೆಯುತ್ತಾರೆ. ಯುಗಾದಿಯಂದು ಪಂಚಾಂಗ ಶ್ರವಣದಲ್ಲಿ ವರ್ಷದ ಮಳೆಯನ್ನು ಕೊಳಗದ ಲೆಕ್ಕದಲ್ಲಿ ಕೇಳುತ್ತಾರೆ. ಇವು ಸಮುದಾಯದ ಭಯ ಭರವಸೆಗಳನ್ನು ಹಂಚಿಕೊಳ್ಳುವ ಆಚರಣೆಗಳು. ಇವುಗಳನ್ನು ಅಳತೆಗೋಲಿನಿಂದ ಪರೀಕ್ಷಿಸುವುದು ಇವುಗಳ ಉದ್ದೇಶವನ್ನೇ ತಪ್ಪಾಗಿ ತಿಳಿದಂತೆ. ಮಳೆ ನಕ್ಷತ್ರ ಮತ್ತು ಕುರುಹುಗಳ ತಿಳಿವಳಿಕೆಯಾದರೋ ದುಡಿಮೆಯ ಭಾಗ. ಅಲ್ಲಿ ನಿರೀಕ್ಷೆಯನ್ನು ನೋಟದಿಂದ ತಿದ್ದುವ ವಿವೇಕ ನಿಜವಾಗಿಯೂ ಇದೆ.

ಅಲ್ಲಿ ಇಲ್ಲದಿರುವುದು ತಪ್ಪಿನ ದಾಖಲೆ. ಫಲಿಸಿದ ಮಳೆ ಗಾದೆಯಾಗಿ ಉಳಿಯುತ್ತದೆ. ಕೈಕೊಟ್ಟ ಕುರುಹು ಮರೆತುಹೋಗುತ್ತದೆ. ರಿಚರ್ಡ್‌ಸನ್ ತನ್ನ 145 ಮಿಲಿಬಾರಿನ ತಪ್ಪನ್ನು ಅಚ್ಚು ಹಾಕಿಸಿದುದರಿಂದಲೇ ಮುಂದಿನವರಿಗೆ ಅದನ್ನು ತಿದ್ದುವುದು ಸಾಧ್ಯವಾಯಿತು. ಪ್ರತಿ ಮುನ್ಸೂಚನೆಯನ್ನೂ ಮರುದಿನದ ವೀಕ್ಷಣೆಯೊಡನೆ ಹೋಲಿಸಿ, ತಪ್ಪನ್ನು ಬರೆದಿಟ್ಟು, ಆ ಬರಹದಿಂದಲೇ ನಂಬಿಕೆಯ ಪ್ರಮಾಣವನ್ನು ನಿರ್ಧರಿಸುವುದು ದತ್ತಾಂಶ ಸಮ್ಮಿಲನದ ನಿತ್ಯಕರ್ಮ. ಅದರ ಬಲವಿರುವುದು ಈ ನಿತ್ಯಕರ್ಮದಲ್ಲಿ.

ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದ ಮೇಲೆ, ಯಾವ ಊರಿನಲ್ಲಿ ಯಾವ ಮಳೆ ಎಷ್ಟು ಸುರಿಯಿತೆಂಬ ದಾಖಲೆ ಬೆಳೆಯುತ್ತಿದೆ. ಆ ದಾಖಲೆಯೊಡನೆ ಆಯಾ ಊರಿನ ಮಳೆ ನಕ್ಷತ್ರದ ಗಾದೆಗಳನ್ನೂ ಕುರುಹುಗಳನ್ನೂ ಇಟ್ಟು, ಫಲಿಸಿದುದರ ಜೊತೆಗೆ ತಪ್ಪಿದುದನ್ನೂ ಬರೆದಿಡುವ ಕೆಲಸವನ್ನು ಜಾನಪದ ಕ್ಷೇತ್ರಕಾರ್ಯವು ಕೈಗೆತ್ತಿಕೊಳ್ಳಬಹುದು. ಆ ತಿಳಿವಳಿಕೆಯನ್ನು ಹೊತ್ತ ಹಿರಿಯ ತಲೆಮಾರು ಕಣ್ಮರೆಯಾಗುವ ಮುನ್ನ ಇದು ನಡೆಯಬೇಕಾಗಿದೆ. ಯಾವ ಕುರುಹನ್ನು ಎಷ್ಟು ನಂಬಬಹುದೆಂಬುದು ಆಗ ಹೊಗಳಿಕೆ ತೆಗಳಿಕೆಗಳ ವಿಷಯವಾಗಿ ಉಳಿಯದೆ, ಲೆಕ್ಕದಿಂದ ತಿಳಿಯಬಹುದಾದ ಸಂಗತಿಯಾಗುತ್ತದೆ.